ಎರಡು ಘಾಟಿ ಸುತ್ತಿ ನರಸೀಪುರಕ್ಕೆ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಬೈಕಿನಲ್ಲಿ ಒಂದು ಗಂಟೆಯೂ ಬೇಡ. ಕಪಿಲೆ ಹರಿಯುವ ದಿಕ್ಕು ಹಿಡಿದರೆ ಸಾಕು. ಆ ದಾರಿಗೆ ನಾವು ಎರಡು ದಿನ ತೆಗೆದುಕೊಂಡೆವು. ಚಾಮರಾಜನಗರ ದಾಟಿ ದಿಂಬಂ ಘಾಟಿ ಇಳಿದು, ಸತ್ಯಮಂಗಲ, ಅಂತಿಯೂರು ನೋಡಿ, ಬರಗೂರು ಘಾಟಿ ಹತ್ತಿ, ರಾಮಾಪುರ, ಹನೂರು, ಕೊಳ್ಳೇಗಾಲದ ಮೇಲೆ ನರಸೀಪುರಕ್ಕೆ ಬರುವ ಸುತ್ತು. ಊಟಿ ದಾರಿ ಎಲ್ಲರಿಗೂ ಗೊತ್ತು. ಶನಿವಾರ ಬಂತೆಂದರೆ ಗುಂಡ್ಲುಪೇಟೆಯಿಂದಾಚೆಗೆ ವಾಹನಗಳ ಸಾಲು. ಪೂರ್ವಕ್ಕೆ ತಿರುಗುವವರು ಕಡಿಮೆ, ಈ ದಾರಿಯ ಸುಖವೂ ಅದೇ.

ನನ್ನದು ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಬೈಕುಗಳು ಮಾತ್ರ ಇನ್ನೂ ಓಡುತ್ತಿವೆ. ಜೊತೆಗೆ ಬಂದವನು ತಂಗಿಯ ಮಗ, ಅವನ ಕೈಯಲ್ಲಿ ಹೊಸ ಫೋರ್ ಸ್ಟ್ರೋಕ್ ಗಾಡಿ. ನಸುಕಿನಲ್ಲಿ ಶ್ರೀಕಂಠೇಶ್ವರನ ಗೋಪುರಕ್ಕೆ ಕೈ ಮುಗಿದು, ಹೊಳೆಯ ಮೆಟ್ಟಿಲಲ್ಲಿ ಮುಖ ತೊಳೆದು ಹೊರಟೆವು. ಕಪಿಲೆಗೆ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಮಂಜಿನಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು.

ಖಾದಿ ಕೇಂದ್ರದ ಬದನವಾಳು, ಕವಲಂದೆ, ಆಮೇಲೆ ಚಾಮರಾಜನಗರ. ಮೈಸೂರಿನಿಂದ ಬರುವ ರೈಲು ಇಲ್ಲಿಗೇ ಕೊನೆ. ಇಲ್ಲಿಂದ ಸತ್ಯಮಂಗಲದ ಮೇಲೆ ಮೆಟ್ಟುಪಾಳ್ಯಕ್ಕೆ ಹಳಿ ಹಾಕುವ ಮಾತು ದಶಕಗಳಿಂದ ಇದೆ, ನಡುವೆ ಕಾಡಿರುವುದರಿಂದ ಅದು ಮಾತಾಗಿಯೇ ಉಳಿದಿದೆ. ಹಾಗೇ ಉಳಿಯಲಿ ಎನ್ನುವವನು ನಾನು. ಬಲಕ್ಕೆ ಬಂಡೀಪುರ, ಎಡಕ್ಕೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ, ಮುಂದೆ 2013ರಲ್ಲಿ ಹಾಗೆಯೇ ಘೋಷಣೆಯಾದ ಸತ್ಯಮಂಗಲದ ಕಾಡು. ಆನೆಗಳಿಗೆ ಇದು ಒಂದೇ ಮನೆಯ ಮೂರು ಕೋಣೆ. ಅವು ಓಡಾಡುವ ಬಾಗಿಲಲ್ಲಿ ರಸ್ತೆಯೊಂದು ಬಿದ್ದಿರುವುದೇ ಹೆಚ್ಚು.

ಆ ಮಾತು ಪುಣಜನೂರು ದಾಟಿದ ಮೇಲೆ ಕಣ್ಣೆದುರೇ ನಿಂತಿತು. ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಲಾರಿಗಳು ಸಾಲಾಗಿ ನಿಂತಿದ್ದವು. ಚಾಲಕನೊಬ್ಬ ಕೈ ಅಡ್ಡ ಹಿಡಿದು, "ಆನ ಅದ ಮುಂದ, ವಸಿ ನಿಂತ್ಕಳಿ ಬುದ್ಧಿ" ಅಂದ. ತಾಳವಾಡಿ ಸೀಮೆಯ ಕಬ್ಬು ಈ ದಾರಿಯಲ್ಲೇ ಸತ್ಯಮಂಗಲದ ಕಡೆಯ ಸಕ್ಕರೆ ಕಾರ್ಖಾನೆಗೆ ಇಳಿಯುತ್ತದೆ. ಅದನ್ನು ಅರಿತ ಆನೆಗಳು ಲಾರಿ ಅಡ್ಡಗಟ್ಟಿ ಜಲ್ಲೆ ಎಳೆದುಕೊಳ್ಳುವುದನ್ನು ಕಲಿತಿವೆ. ಅವತ್ತು ನಿಂತದ್ದು ತಾಯಿ ಮತ್ತು ಮರಿ. ತಾಯಿ ಸೊಂಡಿಲು ಎತ್ತಿ ಒಂದೊಂದೇ ಜಲ್ಲೆ ಇಳಿಸುತ್ತಿದ್ದಳು, ಕೆಳಗೆ ಬಿದ್ದದ್ದು ಮರಿಗೆ. ಹಾರ್ನ್ ಹೊಡೆದವರಿಲ್ಲ. ಮೊಬೈಲು ಎತ್ತಿಕೊಂಡು ಹತ್ತಿರ ಹೋಗಲು ಹೊರಟ ಹುಡುಗರಿಬ್ಬರನ್ನು ಲಾರಿಯವರೇ ಗದರಿ ಹಿಂದಕ್ಕೆ ಕಳಿಸಿದರು. ಹಗ್ಗ ಸಡಿಲಿಸಿ ಕಬ್ಬು ಬೀಳಿಸಿ ಆಸೆ ಹತ್ತಿಸುವವರೂ ಇದ್ದಾರೆ. ಅದು ದಯೆಯಲ್ಲ. ರಸ್ತೆಗೆ ಬಂದು ನಿಲ್ಲುವ ರೂಢಿಯಾದ ಆನೆಗೆ ಒಂದಲ್ಲ ಒಂದು ದಿನ ಗಾಡಿ ಗುದ್ದುತ್ತದೆ. ಮುಕ್ಕಾಲು ಗಂಟೆ ನಿಂತೆವು. ಎಂಜಿನ್ ಆರಿಸಿದ ಮೇಲೆ ಬಿದಿರು ಉಜ್ಜುವ ಸದ್ದು, ಕಬ್ಬು ಜಗಿಯುವ ಸದ್ದು ಎರಡೇ.

ಹಾಸನೂರಿನಲ್ಲಿ ಟೀ ಕುಡಿದು ದಿಂಬಂ ತಲೆಗೆ ಬಂದೆವು. ಬಣ್ಣಾರಿಯವರೆಗೆ 27 ತಿರುವುಗಳು, ಒಂದೊಂದಕ್ಕೂ ಸಂಖ್ಯೆಯ ಫಲಕ. ಹೊಸ ಗಾಡಿಯನ್ನು ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ. ಯೆಜ್ಡಿ ಟೂ ಸ್ಟ್ರೋಕ್, ಅದಕ್ಕೆ ಆ ಹಿಡಿತ ಕಡಿಮೆ. ಮತ್ತೂ ಒಂದು ವಿಷಯವಿದೆ. ಅದರ ಎಂಜಿನ್ನಿಗೆ ಜಿಡ್ಡು ಸಿಗುವುದು ಪೆಟ್ರೋಲಿಗೆ ಬೆರೆಸಿದ ಆಯಿಲ್‌ನಿಂದ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಮೈಲಿಗಟ್ಟಲೆ ಇಳಿದರೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ, ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ. ಅದಕ್ಕೇ ಇಳಿಜಾರಿನಲ್ಲೂ ಆಗಾಗ ಒಂದು ಚೂರು ತಿರುವಿ ಕುಡಿಸುತ್ತಿರಬೇಕು. ಡ್ರಮ್ ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಕಾದು ಹಿಡಿಯುವುದನ್ನೇ ಬಿಡುತ್ತದೆ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯಬೇಕು. ಉದ್ದನೆಯ ಲಾರಿಗೆ ತಿರುವಿನಲ್ಲಿ ಇಡೀ ರಸ್ತೆಯೇ ಬೇಕು. ಕೆಳಗಿನಿಂದ ಏದುಸಿರು ಬಿಡುತ್ತ ಬರುವ ಲಾರಿ ಕಂಡರೆ ತಿರುವಿಗೆ ಮೊದಲೇ ನಿಂತು ಅದನ್ನು ಬಿಡಬೇಕು. ಏರುವವನಿಗೆ ದಾರಿ ಮೊದಲು. ಅಲ್ಲಿ ನಿಂತು ಹೊರಡಲಾಗದೆ ಹಿಂದಕ್ಕೆ ಜಾರಿದ ಲಾರಿಯನ್ನು ನೋಡಿದವರು ಈ ನಿಯಮವನ್ನು ಮರೆಯುವುದಿಲ್ಲ. ರಾತ್ರಿ ಸಂಚಾರಕ್ಕೆ ಇಲ್ಲಿ ನಿರ್ಬಂಧವಿದೆ, ಬಿಸಿಲಿರುವಾಗಲೇ ಇಳಿದುಬಿಡಬೇಕು.

ನಡುದಾರಿಯಲ್ಲಿ ನಿಂತು ಕೆಳಗೆ ನೋಡಿದರೆ ಮೋಯಾರಿನ ಕಣಿವೆ, ದೂರದಲ್ಲಿ ಭವಾನಿಸಾಗರದ ನೀರು. ಮೊದಲು ಮೈಸೂರಿನಿಂದ ಆ ಬಯಲಿಗೆ ಇಳಿಯುತ್ತಿದ್ದದ್ದು ಪಕ್ಕದ ಗಜ್ಜಲಹಟ್ಟಿ ಕಣಿವೆಯಲ್ಲಿ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನ್ ಸೈನ್ಯವನ್ನು ಅಲ್ಲಿಂದಲೇ ಇಳಿಸಿ, ಸತ್ಯಮಂಗಲದಲ್ಲಿ ಬೀಡುಬಿಟ್ಟಿದ್ದ ಕರ್ನಲ್ ಫ್ಲಾಯ್ಡ್‌ನ ಪಡೆಯ ಮೇಲೆ ಬಿದ್ದ. ತೋಪುಗಳನ್ನು ಆ ಇಳಿಜಾರಿನಲ್ಲಿ ತಡೆದು ಹಿಡಿದ ಎತ್ತುಗಳನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಆ ರಾತ್ರಿ ಅಂತಿಯೂರಿನಲ್ಲಿ ತಂಗಿದೆವು. ಆಡಿ ತಿಂಗಳಲ್ಲಿ ಗುರುನಾಥಸ್ವಾಮಿಯ ಜಾತ್ರೆಗೆ ದನಗಳ ದೊಡ್ಡ ಸಂತೆ ಸೇರುವ ಊರು. ನಮ್ಮ ಕಡೆಯವರೂ ಅಲ್ಲಿಗೆ ಹೋಗಿಬರುತ್ತಾರೆ.

ಭಾನುವಾರದ ಬರಗೂರು ಘಾಟಿ ದಿಂಬಂನಂತಲ್ಲ. ಲಾರಿ ಕಡಿಮೆ, ಫಲಕ ಕಡಿಮೆ, ಮೌನ ಹೆಚ್ಚು. ತಿರುವಿನಾಚೆ ಎದುರಾಗುವುದು ದನದ ಮಂದೆ. ಕಂದು ಮೈ, ಅದರ ಮೇಲೆ ಸುಣ್ಣ ಎರಚಿದಂಥ ಬಿಳಿ ಮಚ್ಚೆ. ಇದೇ ಬರಗೂರು ತಳಿ. ಕಾಡಿನಲ್ಲಿ ಮೇದು ದೊಡ್ಡಿಯಲ್ಲಿ ಮಲಗುವ, ಕಟ್ಟಿ ಹಾಕಿದರೆ ಮುನಿಯುವ, ಓಟದಲ್ಲಿ ಎದುರಿಲ್ಲದ ದನ. ಇದನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದವರು ಈ ಬೆಟ್ಟದ ಕನ್ನಡ ಮಾತಿನ ಲಿಂಗಾಯತರು. ಸೋದರಳಿಯ ತನಗೆ ಬರುವ ನಾಲ್ಕು ತಮಿಳು ಮಾತು ಜೋಡಿಸಿ ದಾರಿ ಕೇಳಿದ. ಮಂದೆಯ ಹಿಂದಿದ್ದ ಅಜ್ಜ, "ಕನ್ನಡದಲ್ಲೇ ಕೇಳು ಮಗ" ಅಂದರು.

ಅವರ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದೆವು. ಗೋಡೆಯ ಮೇಲೆ ಮಾದೇಶ್ವರನ ಪಟ. ಮೊಮ್ಮಕ್ಕಳು ಶಾಲೆಯಲ್ಲಿ ತಮಿಳು ಓದುತ್ತಾರೆ, ಮನೆಯಲ್ಲಿ ಕನ್ನಡ ಆಡುತ್ತಾರೆ. ಗಡಿಯ ಮಾತು ಬಂದಾಗ ಅಜ್ಜ, "ಆಗ ನಮ್ಮದೂ ಕೊಳ್ಳೇಗಾಲದ್ದೂ ಒಂದೇ ಜಿಲ್ಲೆ" ಅಂದರು. ನಿಜ. 1956ರವರೆಗೆ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅದು ಮೈಸೂರಿಗೆ ಬಂತು, ಬರಗೂರು ಅಲ್ಲೇ ಉಳಿಯಿತು. ಹೆಣ್ಣು ಕೊಟ್ಟು ತರುವ ಮನೆಗಳು ಇವತ್ತಿಗೂ ಎರಡೂ ಕಡೆ ಇವೆ. ಘಾಟಿ ಅಂದರೆ ನಾಡಿನ ಕೊನೆ ಎಂದು ನಾನು ಚಿಕ್ಕಂದಿನಿಂದ ನಂಬಿದ್ದೆ. ದಿಂಬಂ ಇಳಿಯುವ ಮುನ್ನ ತಮಿಳುನಾಡಿನಲ್ಲಿದ್ದೂ ಕನ್ನಡವಾಡುವ ತಾಳವಾಡಿ, ಬರಗೂರು ಹತ್ತಿದ ಮೇಲೆ ಈ ಜಗಲಿ: ಎರಡು ದಿನದಲ್ಲಿ ಆ ನಂಬಿಕೆ ಹೋಯಿತು. ನಕ್ಷೆಯ ಗೆರೆ ಒಂದು ಕಡೆ, ಮಾತಿನ ಗೆರೆ ಇನ್ನೊಂದು ಕಡೆ. ಬೈಕಿನಲ್ಲಿ ನಿಧಾನವಾಗಿ ಹೋದರೆ ಮಾತ್ರ ಎರಡನೆಯದು ಕಿವಿಗೆ ಬೀಳುತ್ತದೆ.

ಗರಿಕೆಕಂಡಿ ದಾಟಿದರೆ ಕರ್ನಾಟಕ. ರಾಮಾಪುರದ ಹೆಸರು ಕೇಳಿದರೆ ನನ್ನ ವಯಸ್ಸಿನವರಿಗೆ 1992ರಲ್ಲಿ ವೀರಪ್ಪನ್ ತಂಡ ಅಲ್ಲಿನ ಪೊಲೀಸ್ ಠಾಣೆಗೆ ನುಗ್ಗಿದ್ದೇ ನೆನಪು. ಆಗ ಸಂಜೆಯಾದರೆ ಬಸ್ಸೂ ಬರದ ದಾರಿಯಿದು. ನಾವು ಅಲ್ಲಿ ಕಡಲೆಕಾಯಿ ಕೊಂಡು, ಪಂಕ್ಚರ್ ಅಂಗಡಿಯ ನೆರಳಲ್ಲಿ ತಿಂದು, ಹನೂರಿನತ್ತ ಹೊರಟೆವು.

ಕೊಳ್ಳೇಗಾಲ, ಮೂಗೂರು, ನರಸೀಪುರ. ಸಂಜೆ ಐದೂವರೆಗೆ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸಿ ಹೊಳೆಗೆ ಇಳಿದೆವು. ನಿನ್ನೆ ನಸುಕಿನಲ್ಲಿ ಮುಖ ತೊಳೆದ ಕಪಿಲೆ ಇಲ್ಲಿ ಕಾವೇರಿಯನ್ನು ಕೂಡುತ್ತಿದ್ದಳು. ದಿಂಬಂನಿಂದ ಕಂಡ ಮೋಯಾರಿನ ನೀರೂ ಭವಾನಿಯೊಳಗೆ ಸೇರಿ, ಭವಾನಿ ಊರಿನ ಕೂಡಲಲ್ಲಿ ಇದೇ ಕಾವೇರಿಯನ್ನು ಸೇರುತ್ತದೆ ಎಂದು ಸೋದರಳಿಯನಿಗೆ ಹೇಳಿದೆ. ಅವನು ಬಹಳ ಹೊತ್ತು ನೀರನ್ನೇ ನೋಡಿದ.

ತೆಪ್ಪ ದಡಕ್ಕೆ ಎಳೆಯುತ್ತಿದ್ದವರು ನಮ್ಮ ಧೂಳು ಹಿಡಿದ ಬಟ್ಟೆ ನೋಡಿ, "ಯಾವೂರಿಂದ ಬಂದ್ರಪ್ಪ?" ಎಂದು ಕೇಳಿದರು.

"ನಂಜನಗೂಡಿಂದ."

"ಓ, ಇಲ್ಲೇಯಾ?"

"ಇಲ್ಲೇ, ಆದ್ರೆ ಸುತ್ತಿಕೊಂಡು ಬಂದ್ವಿ," ಎಂದು ಸೋದರಳಿಯ ಮೆಟ್ಟಿಲ ಮೇಲೆ ಕೂತ. ತಾಯಿ ಆನೆಯಿಂದ ಶುರುಮಾಡಿದ.