ಬಲಗೈಯ ಮೀಟು: ಮನೂಶ್ ಗಿಟಾರಿನ ಒಳಗುಟ್ಟು

ಜಾಂಗೊ ರೈನ್‌ಹಾರ್ಟ್ ಎಂಬ ಗಿಟಾರುವಾದಕನ ವಿಷಯ ಬಂದಾಗಲೆಲ್ಲ ಮಾತು ಅವನ ಎಡಗೈಯತ್ತಲೇ ಹೊರಳುತ್ತದೆ. ಕಾರಣವಿಲ್ಲದಿಲ್ಲ. 1910ರಲ್ಲಿ ಬೆಲ್ಜಿಯಮ್ಮಿನ ಲಿಬರ್ಶಿ ಗ್ರಾಮದಲ್ಲಿ, ಅಲೆಮಾರಿ ಕುಟುಂಬವೊಂದರಲ್ಲಿ ಹುಟ್ಟಿದ ಆತ 1928ರ ನವೆಂಬರಿನಲ್ಲಿ ತಾನು ವಾಸಿಸುತ್ತಿದ್ದ ಬಂಡಿಗೆ ಬೆಂಕಿ ತಗಲಿದಾಗ ತೀವ್ರವಾಗಿ ಸುಟ್ಟುಕೊಂಡನು. ಎಡಗೈಯ ಉಂಗುರದ ಬೆರಳೂ ಕಿರುಬೆರಳೂ ಮುರುಟಿಹೋದವು. ಉಳಿದೆರಡು ಬೆರಳುಗಳಿಂದಲೇ ಆತ ಯುರೋಪಿನ ಜಾಝ್ ಸಂಗೀತದ ದಿಕ್ಕನ್ನು ಬದಲಿಸಿದನೆಂಬುದು ಈಗ ದಂತಕಥೆ. ಆದರೆ ಎಡಗೈ ಸ್ವರವನ್ನು ಆರಿಸಿಕೊಡುತ್ತದೆ, ಅಷ್ಟೆ. ಅದನ್ನು ನುಡಿಸುವುದು ಬಲಗೈ. ಆ ಶೈಲಿಯನ್ನು ಕಲಿಯಹೊರಟವರು ಬಹುಮಂದಿ ಸೋಲುವುದೂ ಬಲಗೈಯಲ್ಲೇ.

ವಕೀಲನಾದ ನನಗೆ ಕೇಳಿಕೆಯ ಸಾಕ್ಷ್ಯಕ್ಕಿಂತ ಪ್ರತ್ಯಕ್ಷ ಸಾಕ್ಷ್ಯದಲ್ಲಿ ವಿಶ್ವಾಸ ಹೆಚ್ಚು. 1930ರ ದಶಕದ ಕೊನೆಯಲ್ಲಿ ಚಿತ್ರಿಸಿದ, ಜಾಂಗೊ ನುಡಿಸುವುದನ್ನು ಧ್ವನಿಸಹಿತವಾಗಿ ತೋರಿಸುವ ಕಿರುಚಿತ್ರವೊಂದು ಉಳಿದಿದೆ. ಅದನ್ನು ನೋಡುವಾಗ ಎಡಗೈಯನ್ನು ಮರೆತುಬಿಡಬೇಕು. ಬಲಗೈಯ ಮಣಿಕಟ್ಟು ಕಮಾನಿನಂತೆ ಬಾಗಿದೆ. ಅಂಗೈ ವಾದ್ಯದ ಹಲಗೆಯ ಮೇಲಾಗಲಿ ಕುದುರೆಯ ಮೇಲಾಗಲಿ ಊರಿಲ್ಲ. ಕೈ ತಂತಿಗಳ ಮೇಲೆ ತೇಲುತ್ತಿದೆ.

ಇದು ಅಲಂಕಾರಕ್ಕಾಗಿ ಹುಟ್ಟಿದ ಭಂಗಿಯಲ್ಲ. ಹದಿಹರೆಯದಲ್ಲೇ ಆತ ಪ್ಯಾರಿಸಿನ ನೃತ್ಯಶಾಲೆಗಳಲ್ಲಿ ಅಕಾರ್ಡಿಯನ್ ವಾದಕರಿಗೆ ಬ್ಯಾಂಜೊ ಹಿಡಿದು ಸಾಥ್ ನೀಡುತ್ತಿದ್ದನು. ಅಕಾರ್ಡಿಯನ್ನಿನ ಗದ್ದಲ, ಕುಣಿಯುವವರ ಹೆಜ್ಜೆಯ ಸದ್ದು, ಇವುಗಳ ನಡುವೆ ವಿದ್ಯುತ್ತಿನ ನೆರವಿಲ್ಲದೆ ಕೇಳಿಸಬೇಕಾಗಿತ್ತು. 1934ರಲ್ಲಿ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲ್ಲಿಯೊಡನೆ ಕಟ್ಟಿದ ಪ್ರಸಿದ್ಧ ಪಂಚಕದಲ್ಲಿ ಮೂರು ಗಿಟಾರು, ಒಂದು ಪಿಟೀಲು, ಒಂದು ಡಬಲ್ ಬಾಸ್ ಇದ್ದವು, ತಾಳವಾದ್ಯವೇ ಇರಲಿಲ್ಲ. ಇಟಲಿಯ ಮಾರಿಯೊ ಮಕ್ಕಾಫೆರ್ರಿ ರೂಪಿಸಿ, ಫ್ರಾನ್ಸಿನ ಸೆಲ್ಮರ್ ಕಂಪನಿ 1932ರಿಂದ ತಯಾರಿಸಿದ ಗಿಟಾರು ದೂರಕ್ಕೆ ಸಾಗುವ ಚುರುಕಾದ ನಾದ ಕೊಡುತ್ತಿತ್ತು. ಆದರೆ ವಾದ್ಯ ಎಷ್ಟೇ ಒಳ್ಳೆಯದಿದ್ದರೂ ದುರ್ಬಲವಾದ ಮೀಟಿಗೆ ಅದು ಉತ್ತರ ಕೊಡದು.

ಈಗ ಮೀಟಿನ ವಿಚಾರ. ಪಿಕ್ಕನ್ನು ಮೇಲಿನಿಂದ ಕೆಳಕ್ಕೆ ಎಳೆಯುವುದನ್ನು ಕೆಳಮೀಟು ಎಂದೂ ಕೆಳಗಿನಿಂದ ಮೇಲಕ್ಕೆ ಒಯ್ಯುವುದನ್ನು ಮೇಲ್ಮೀಟು ಎಂದೂ ಕರೆಯೋಣ. ಸಾಮಾನ್ಯ ಗಿಟಾರುವಾದಕನ ಪಿಕ್ ತಂತಿಯನ್ನು ಮೀಟಿ ಗಾಳಿಯಲ್ಲಿ ನಿಲ್ಲುತ್ತದೆ. ಮನೂಶ್ ವಾದಕನ ಕೆಳಮೀಟು ತಂತಿಯನ್ನು ವಾದ್ಯದ ಒಡಲಿನತ್ತ ಒತ್ತಿಕೊಂಡು ಇಳಿದು, ಕೆಳಗಿನ ಮುಂದಿನ ತಂತಿಯ ಮೇಲೆ ಒರಗಿ ವಿರಮಿಸುತ್ತದೆ. ಇಂಗ್ಲಿಷಿನ ರೆಸ್ಟ್ ಸ್ಟ್ರೋಕಿಗೆ ಕನ್ನಡದಲ್ಲಿ ಒರಗುಮೀಟು ಎನ್ನಬಹುದು. ಅರಬರ ಊದ್ ವಾದ್ಯದಲ್ಲಿಯೂ ಇಂಥದೇ ಮೀಟು ಉಂಟು. ಇಲ್ಲಿನ ಬಲ ತೋಳಿನ ಸ್ನಾಯುಗಳದಲ್ಲ, ಕೈಯ ಭಾರದ್ದು. ಕೈ ತೊಳೆದು ಬೆರಳಿನ ನೀರನ್ನು ಕೊಡಹುವಾಗ ಮಣಿಕಟ್ಟು ಹೇಗೆ ತಿರುಗುವುದೋ ಹಾಗೆಯೇ ಇಲ್ಲಿಯೂ ತಿರುಗಬೇಕು. ಮೇಲ್ಮೀಟು ಎಲ್ಲಿಯೂ ಒರಗುವುದಿಲ್ಲ. ಅದು ಹಗುರಾಗಿ ಹಿಂದಿರುಗುತ್ತದೆ.

ಎರಡನೆಯ ನಿಯಮ ಇನ್ನಷ್ಟು ಕಠಿಣ: ತಂತಿ ಬದಲಾದಾಗಲೆಲ್ಲ ಹೊಸ ತಂತಿಯ ಮೊದಲ ಸ್ವರಕ್ಕೆ ಕೆಳಮೀಟೇ ಆಗಬೇಕು. ದಪ್ಪ ತಂತಿಯಿಂದ ತೆಳು ತಂತಿಗೆ ಸಾಗುವಾಗ ಇದು ವರವೇ ಸರಿ. ಪಿಕ್ ಆಗಲೇ ಮುಂದಿನ ತಂತಿಯ ಮೇಲೆ ಒರಗಿರುವುದರಿಂದ ಅದನ್ನು ಅಲ್ಲಿಂದಲೇ ಇಳಿಸಿದರಾಯಿತು. ತೆಳು ತಂತಿಯಿಂದ ದಪ್ಪ ತಂತಿಗೆ ಮರಳುವಾಗ ಮಾತ್ರ ಪಿಕ್ ಎರಡು ತಂತಿಗಳನ್ನು ಹಾರಿ ಮೇಲೇರಿ ಮತ್ತೆ ಬೀಳಬೇಕು. ಕೆಳಮೀಟು, ಮೇಲ್ಮೀಟು ಎಂದು ಸರದಿ ತಪ್ಪದೆ ನುಡಿಸಿ ಅಭ್ಯಾಸವಾದವರಿಗೆ ಇದು ಶುದ್ಧ ಅವಿವೇಕವೆಂದು ತೋರುತ್ತದೆ. ಆದರೆ ಪ್ರತಿ ತಂತಿಯ ಮೊದಲ ಸ್ವರಕ್ಕೂ ದೊರೆಯುವ ಆ ತೂಕ, ಆ ಒತ್ತು, ಈ ಸಂಗೀತದ ಮಾತಿನ ಧಾಟಿಯೇ ಆಗಿದೆ. ಅದನ್ನು ಬಿಟ್ಟವನ ಕೈಯಲ್ಲಿ ಅದೇ ಸ್ವರಗಳು ಓದಿ ಒಪ್ಪಿಸಿದ ಪಾಠದಂತೆ ಕೇಳಿಸುತ್ತವೆ.

ಇಷ್ಟು ಸ್ಪಷ್ಟವಾದ ಶಾಸ್ತ್ರ ಬಹುಕಾಲ ಗ್ರಂಥಸ್ಥವಾಗದೆ ಉಳಿಯಿತು. ಜಾಂಗೊನ ಜನರು ತಮ್ಮನ್ನು ಮನೂಶ್ ಎಂದು ಕರೆದುಕೊಳ್ಳುತ್ತಾರೆ. ರೋಮಾನಿ ಭಾಷೆಯ ಆ ಪದವೂ ನಮ್ಮ ‘ಮನುಷ್ಯ’ ಶಬ್ದವೂ ಒಂದೇ ಮೂಲದವು. ಜಿಪ್ಸಿ ಎಂಬುದು ಹೊರಗಿನವರು ಇಟ್ಟ ಹೆಸರು. ಫ್ರಾನ್ಸಿನ 1912ರ ಕಾನೂನೊಂದು ಅಲೆಮಾರಿಗಳು ದೇಹದ ಅಳತೆ, ಬೆರಳಚ್ಚುಗಳನ್ನು ನಮೂದಿಸಿದ ಗುರುತಿನ ಪುಸ್ತಿಕೆಯನ್ನು ಹೊತ್ತು ತಿರುಗಬೇಕೆಂದು ವಿಧಿಸಿತ್ತು. ಅದು ರದ್ದಾದುದು 1969ರಲ್ಲಿ. ನಮ್ಮ ನೆಲದ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಓದಿದವರಿಗೆ ಇದರ ಮನೋಧರ್ಮ ಪರಿಚಿತವೇ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಯುರೋಪಿನ ರೋಮಾ ಮತ್ತು ಸಿಂತಿ ಜನರನ್ನು ಲಕ್ಷಗಳ ಸಂಖ್ಯೆಯಲ್ಲಿ ಕೊಂದರು. ಕಾಗದವೆಂದರೆ ಪೊಲೀಸರ ಕಾಗದ ಎಂಬಂತಿದ್ದ ಸಮುದಾಯದಲ್ಲಿ ಮೀಟಿನ ವಿದ್ಯೆ ತಂದೆಯಿಂದ, ಸೋದರಮಾವನಿಂದ ಮಗುವಿಗೆ ಕಣ್ಣಿನ ಮೂಲಕವೇ ದಾಟಿತು. ಹೊರಗಿನವರು ಧ್ವನಿಮುದ್ರಿಕೆ ಕೇಳಿ ಸ್ವರಗಳನ್ನು ಬರೆದುಕೊಂಡರು. ಆದರೆ ಕೈ ಯಾವ ದಿಕ್ಕಿಗೆ ಚಲಿಸಿತೆಂಬುದು ಕೇಳುವವರಿಗೆ ಕಾಣುವುದಿಲ್ಲವಷ್ಟೆ.

ನಲವತ್ತು ದಾಟಿದ ಮೇಲೆ ಈ ಹಾದಿ ಹಿಡಿದ ನನ್ನಂಥವರಿಗೆ, ಹಾಗೆಯೇ ವೇಗದ ಹಿಂದೆ ಓಡುವ ತರುಣರಿಗೆ, ಒಂದು ಅಭ್ಯಾಸಕ್ರಮವನ್ನು ಸೂಚಿಸಬಲ್ಲೆ. ಎಡಗೈಗೆ ಕೆಲಸವನ್ನೇ ಕೊಡಬೇಡಿ. ಮೆಟ್ರೊನೋಮನ್ನು 60ಕ್ಕೆ ಇರಿಸಿ, ಬಿಡಿ ತಂತಿಗಳಲ್ಲಿ ಕೆಳಮೀಟನ್ನಷ್ಟೇ ನುಡಿಸುತ್ತ, ಪಿಕ್ ಪ್ರತಿಸಲವೂ ಮುಂದಿನ ತಂತಿಯ ಮೇಲೆ ಒರಗಿತೇ ಎಂದು ಗಮನಿಸಿ. ಅತ್ಯಂತ ತೆಳುವಾದ ತಂತಿಗೆ ಮುಂದೆ ಒರಗಲು ಆಸರೆಯಿಲ್ಲ. ಅಲ್ಲಿ ಮಾತ್ರ ಪಿಕ್ ಹಾಗೆಯೇ ಇಳಿದುಹೋಗಲಿ. ಒಂದೆರಡು ವಾರದ ಬಳಿಕ ಒಂದೊಂದು ತಂತಿಗೆ ಮೂರು ಮೀಟುಗಳಂತೆ, ಕೆಳಗೆ, ಮೇಲೆ, ಕೆಳಗೆ ಎಂದು ನುಡಿಸುತ್ತ ತಂತಿ ಬದಲಿಸಿ. ಆಗ ಎರಡು ಕೆಳಮೀಟುಗಳು ಒಂದರ ಬೆನ್ನಿಗೊಂದು ಬರುವ ಅನುಭವ ಕೈಗೆ ಹತ್ತುತ್ತದೆ. ದಪ್ಪ ತಂತಿಯ ಕಡೆಗಿನ ಮರುಪಯಣವನ್ನು ಅದಾದ ಮೇಲೆ ಕೈಗೊಳ್ಳಿರಿ, ಅರ್ಧ ವೇಗದಲ್ಲಿ. ಮುಂದೋಳು ನೋಯತೊಡಗಿದರೆ ಹಿಡಿತ ಬಿಗಿಯಾಗಿದೆ ಎಂದರ್ಥ, ನಿಲ್ಲಿಸಿಬಿಡಿ. ಮೊಬೈಲಿನಲ್ಲಿ ಕೈಯನ್ನು ಚಿತ್ರಿಸಿಕೊಂಡು ನೋಡುವುದು ಒಳ್ಳೆಯದು. ಅದಕ್ಕಿಂತ ನಿಷ್ಪಕ್ಷಪಾತಿಯಾದ ಸಾಕ್ಷಿ ದೊರೆಯಲಾರದು.

ತೆಳುವಾದ ಪಿಕ್ ಈ ಕೆಲಸಕ್ಕೆ ಒದಗದು. ಅದು ಬಾಗಿ ಭಾರವನ್ನೆಲ್ಲ ನುಂಗಿಬಿಡುತ್ತದೆ. ಎರಡು ಮಿಲಿಮೀಟರಿಗಿಂತ ಕಡಿಮೆಯದನ್ನು ನಾನು ಸೂಚಿಸುವುದಿಲ್ಲ. ಹಿಂದಿನವರು ಕಡಲಾಮೆಯ ಚಿಪ್ಪಿನ ಪಿಕ್ಕುಗಳನ್ನು ಮೆಚ್ಚುತ್ತಿದ್ದರು. ಚಿಪ್ಪಿಗಾಗಿ ಬೇಟೆಯಾಡುತ್ತಿದ್ದ ಆ ಆಮೆ ಈಗ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಆದುದರಿಂದ ಹಳೆಯದು ಸಿಕ್ಕಿತೆಂದು ಕೊಳ್ಳಲು ಹೋಗಬೇಡಿ. ಸರೋದ್ ವಾದಕರು ಬಳಸುವ ಜವ ತೆಂಗಿನ ಗೆರಟೆಯದು. ಗೆರಟೆಗೆ ಬರವಿಲ್ಲದ ನಮ್ಮ ಕರಾವಳಿಯ ಹುಡುಗರು ಅದನ್ನೇ ಉಜ್ಜಿ ನಯಗೊಳಿಸಿ ಗಿಟಾರಿನ ಮೇಲೆ ಪರೀಕ್ಷಿಸಬಾರದೇಕೆ?

ಕೆಲವು ಮಡಿವಂತರು ಮೇಲಿನ ನಿಯಮಗಳನ್ನು ಶಾಸನದಂತೆ ಉದ್ಧರಿಸುವುದುಂಟು. ಪರಂತುಕವಿಲ್ಲದ ಶಾಸನವನ್ನು ನಾನಂತೂ ಕಂಡಿಲ್ಲ. ಒಂದೇ ತಂತಿಯಲ್ಲಿ ಸಾಗುವ ದೀರ್ಘ ಸ್ವರಸರಣಿಗಳಲ್ಲಿ ಕೈ ಸಹಜವಾಗಿಯೇ ಕೆಳಗೆ, ಮೇಲೆ ಎಂದು ಸರದಿಯಲ್ಲಿ ಆಡುತ್ತದೆ. ವೇಗ ಮಿತಿಮೀರಿದಾಗ ಬಲ್ಲವರೂ ನಿಯಮವನ್ನು ಸಡಿಲಿಸುತ್ತಾರೆ. ಆದರೆ ಪರಂತುಕವನ್ನು ಓದುವ ಮುನ್ನ ಮೂಲ ಕಲಮನ್ನು ಓದಿರಬೇಕೆಂಬುದು ನನ್ನ ವಾದ.

ಮನೂಶ್ ಮನೆಗಳಲ್ಲಿ ಹುಡುಗರು ಮೊದಲು ಕೂರುವುದು ಹಿನ್ನೆಲೆಯ ಕುರ್ಚಿಯಲ್ಲಿ. ಅಲ್ಲಿ ನುಡಿಸಬೇಕಾದ ಲಯಕ್ಕೆ ‘ಲಾ ಪೋಂಪ್’ ಎಂದು ಹೆಸರು. ನಾಲ್ಕು ಎಣಿಕೆಗಳಲ್ಲಿ ಒಂದು ಮತ್ತು ಮೂರು ಮೃದು, ಎರಡು ಮತ್ತು ನಾಲ್ಕು ಬಿಗಿ. ಒರಗುಮೀಟು ಒಂದಿಷ್ಟು ಕೈಗೂಡಿದವರು 1937ರಲ್ಲಿ ಧ್ವನಿಮುದ್ರಿತವಾದ ‘ಮೈನರ್ ಸ್ವಿಂಗ್’ ಅನ್ನು ಹಾಕಿಕೊಂಡು, ಏಕವಾದನದ ಆಸೆಯನ್ನು ಬದಿಗಿರಿಸಿ, ಕೆಲವು ತಿಂಗಳು ಆ ಹಿನ್ನೆಲೆಯ ಗಿಟಾರುಗಳೊಂದಿಗೆ ನುಡಿಸಲಿ. ಅದರಲ್ಲಿರುವುದು ಬೆರಳೆಣಿಕೆಯ ಸ್ವರಮೇಳಗಳು. ಎಡಗೈ ಒಂದೇ ದಿನದಲ್ಲಿ ಕಲಿತುಬಿಡುತ್ತದೆ.