ಹೊಸ ಉಳಿಗೂ ಸಾಣೆ ಏಕೆ?

ಪ್ರಶ್ನೆ: ಹೊಸ ಉಳಿಯಲ್ಲಿ ಡವ್‌ಟೇಲ್ ಜೋಡಣೆ ಕೆತ್ತಿದರೆ ಮೂಲೆಗಳು ಜಜ್ಜಿಹೋಗುತ್ತವೆ. ತಪ್ಪು ಉಳಿಯದೋ, ಕೈಯದೋ?

ಉತ್ತರ: ಬಹುಮಟ್ಟಿಗೆ ಉಳಿಯದೇ. ಕಾರ್ಖಾನೆಯವರು ಆಕಾರ ಕೊಟ್ಟು ಕಳಿಸುತ್ತಾರೆ, ಹರಿತ ಮಾಡುವ ಕೆಲಸ ಕೊಂಡವರದು. ಮೊದಲು ಬೆನ್ನು ನೋಡಿ, ಅಂದರೆ ಇಳಿಜಾರಿಲ್ಲದ ಮಗ್ಗುಲು. ಅಲ್ಲಿ ಯಂತ್ರದ ಗೀರುಗಳಿದ್ದರೆ ಇಳಿಜಾರನ್ನು ಎಷ್ಟು ಉಜ್ಜಿದರೂ ಅಂಚು ಗರಗಸದ ಹಲ್ಲಿನಂತೆಯೇ ಇರುತ್ತದೆ. ತುದಿಯ ಒಂದಿಂಚು ಸಪಾಟಾದರೆ ಸಾಕು. ಹಿಡಿಯವರೆಗೂ ತಿಕ್ಕುವುದು ದಂಡ.

ಇಳಿಜಾರು 25 ಡಿಗ್ರಿ, ತೀರ ತುದಿಯಲ್ಲಿ ಮಾತ್ರ 30. 1000 ಗ್ರಿಟ್ ಕಲ್ಲಿನಲ್ಲಿ ಉಜ್ಜಿ, ಬೆನ್ನಿನ ಮೇಲಿಂದ ಬೆರಳನ್ನು ಅಂಚಿನಾಚೆಗೆ ಸರಿಸಿ. ಅಂಚಿನುದ್ದಕ್ಕೂ ತರಿತರಿಯಾದ ಎಳೆಯೊಂದು ತಗಲಬೇಕು. ತಗಲದೆ ಮುಂದಿನ ಕಲ್ಲಿಗೆ ಹೋಗಬೇಡಿ. ಆಮೇಲೆ 6000ದ ಕಲ್ಲು, ಕೊನೆಗೆ ಚರ್ಮದ ಪಟ್ಟಿ. ಸಾಣೆಚಕ್ರವಾದರೆ ನೀರಿನಲ್ಲಿ ಅದ್ದುತ್ತಿರಿ. ತುದಿ ನೀಲಿಗಟ್ಟಿತೆಂದರೆ ಉಕ್ಕಿನ ಹದ ಹೋಯಿತು, ಅಷ್ಟನ್ನೂ ತೇಯ್ದು ತೆಗೆಯಬೇಕು.

ಮೂಲೆ ಜಜ್ಜಲು ಮುಖ್ಯ ಕಾರಣ ಉಳಿಯ ಪಕ್ಕಗಳ ದಪ್ಪ. ಡವ್‌ಟೇಲ್‌ನ ಬಾಲಗಳ ನಡುವಿನ ಸಂದು ಒಳಗೆ ಅಗಲ, ಬಾಯಲ್ಲಿ ಕಿರಿದು. ಗಟ್ಟಿ ಮರದಲ್ಲಿ ಸಾಮಾನ್ಯವಾಗಿ 8ಕ್ಕೆ 1ರ ಓರೆ. ದಪ್ಪ ಪಕ್ಕ ಒಳಮೂಲೆ ಸೇರುವ ಮೊದಲೇ ಬಾಲದ ಮರವನ್ನು ಒತ್ತುತ್ತದೆ. ಪಕ್ಕಗಳನ್ನು ಬೆನ್ನಿನ ಗೆರೆಯವರೆಗೂ ಓರೆಯಾಗಿ ತೇಯಿರಿ, ಆದರೆ ಅಗಲ ಕಡಿಮೆಯಾಗದಂತೆ. ಹಾಗೆ ತೇಯ್ದ ಪಕ್ಕ ಬೆರಳನ್ನೂ ಕೊಯ್ಯುತ್ತದೆ (ಇದನ್ನು ಯಾರೂ ಮೊದಲೇ ಹೇಳುವುದಿಲ್ಲ!), ಬೆರಳಿಡುವ ಜಾಗದಲ್ಲಿ ಅಂಚನ್ನು ಕೊಂಚ ಮೊಂಡು ಮಾಡಿ. ಈ ತೆಳು ಉಳಿಯನ್ನು ಕೊಡತಿಯಲ್ಲಿ ಹೊಡೆದು ಚೌಕಟ್ಟಿನ ಆಳದ ತೂತು ತೋಡಬೇಡಿ, ಅದಕ್ಕೆ ದಪ್ಪ ಉಳಿಯೇ ಬೇರೆ ಇದೆ.