ಬೂಷ್ಟಿನಿಂದ ಭೋಜನ

ಹಳಸಿದ ರೊಟ್ಟಿಯ ಮೇಲೆ ಬೂಷ್ಟು ಕಂಡೊಡನೆ ನಾವು ಅದನ್ನು ಎಸೆಯುತ್ತೇವೆ. ಆ ಬಳಗದ ಒಂದು ಜೀವಿಯನ್ನೇ ಆಹಾರವಾಗಿಸಲು ಇಂಗ್ಲೆಂಡಿನ ಕಂಪನಿಯೊಂದು ಸುಮಾರು ಎರಡು ದಶಕ ದುಡಿಯಿತೆಂದರೆ ವಾಚಕರಿಗೆ ಸೋಜಿಗವಾದೀತು.

1960ರ ದಶಕದಲ್ಲಿ, ಮುಂದೆ ಜಗತ್ತಿಗೆ ಪ್ರೋಟೀನಿನ ಅಭಾವ ಒದಗೀತೆಂಬ ಭೀತಿಯಿತ್ತು. ಹಿಟ್ಟು, ರೊಟ್ಟಿಗಳ ಉದ್ಯಮವಾದ ರ‍್ಯಾಂಕ್ ಹೋವಿಸ್ ಮೆಕ್‌ಡೂಗಲ್, ಪಿಷ್ಟವನ್ನು ಪ್ರೋಟೀನಾಗಿ ಪರಿವರ್ತಿಸಬಲ್ಲ ಸೂಕ್ಷ್ಮಜೀವಿಯನ್ನರಸಿ 3,000ಕ್ಕೂ ಹೆಚ್ಚು ಮಣ್ಣಿನ ಮಾದರಿಗಳನ್ನು ಶೋಧಿಸಿತು. ಆ ದಶಕದ ಕೊನೆಗೆ ಮಾರ್ಲೋ ಎಂಬ ಊರಿನ ಮಣ್ಣಿನಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರವು ದೊರೆಯಿತು.

ಇದು ಬಹುಬೇಗ ಬೆಳೆಯುತ್ತದೆ. ಇದರ ಎಳೆಗಳು ಮಾಂಸದ ನಾರನ್ನು ಹೋಲುತ್ತವೆ. ಆದರೆ ಬೇಗ ಬೆಳೆಯುವ ಕೋಶಗಳಲ್ಲಿ ಆರ್‌ಎನ್‌ಎ ಅಧಿಕ. ಅದನ್ನು ಅತಿಯಾಗಿ ಸೇವಿಸಿದರೆ ದೇಹದಲ್ಲಿ ಯೂರಿಕ್ ಆಮ್ಲವು ಹೆಚ್ಚಿ, ಗೌಟ್ ಎಂಬ ಕೀಲುಬೇನೆಗೆ ಎಡೆಯಾಗುತ್ತದೆ. ಕೋಶಗಳನ್ನು ಸುಮಾರು 68 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅವುಗಳಲ್ಲಿಯ ಕಿಣ್ವಗಳೇ ಆರ್‌ಎನ್‌ಎಯನ್ನು ಒಡೆದುವು. ಶೇಕಡಾ 10ರಷ್ಟಿದ್ದ ಅದರ ಪ್ರಮಾಣವು 2ಕ್ಕಿಂತ ಕೆಳಗಿಳಿಯಿತು. ಬೆಳೆದ ರಾಶಿಯಲ್ಲಿ ಮೂರನೆಯ ಒಂದು ಪಾಲಿನಷ್ಟು ತೂಕ ಇದರಿಂದ ನಷ್ಟವಾಯಿತು. ಆದರೂ ಕಂಪನಿಯು ಆ ನಷ್ಟಕ್ಕೆ ಒಪ್ಪಿತು.

ಪ್ರಾಣಿಗಳ ಮೇಲೆಯೂ ಮನುಷ್ಯರ ಮೇಲೆಯೂ ದೀರ್ಘ ಪರೀಕ್ಷೆಗಳು ನಡೆದುವು. 1985ರಲ್ಲಿ ಬ್ರಿಟಿಷ್ ಸರಕಾರದ ಅನುಮತಿ ದೊರೆತು, ಈ ಆಹಾರವು ‘ಕ್ವಾರ್ನ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ದನದ ಮಾಂಸಕ್ಕೆ ಬೇಕಾಗುವುದಕ್ಕಿಂತ ಎಷ್ಟೋ ಕಡಿಮೆ ಭೂಮಿ ಇದಕ್ಕೆ ಸಾಕು. ಹೊಸ ಆಹಾರವನ್ನು ಕಂಡುಹಿಡಿಯುವುದು ಅರ್ಧ ಕಾರ್ಯ ಮಾತ್ರ. ಅದು ನಿರಪಾಯವೆಂದು ಸಿದ್ಧಪಡಿಸುವುದೇ ಉಳಿದರ್ಧ.